ಕೆರೆ ಏರಿಯ ಮೇಲೆ ನಿಂತ ಹುಡುಗಿ

ಮೊನ್ನೆ ಮೊಮ್ಮಗಳು ಒಂದು ಪುಸ್ತಕ ಓದಿ ಮುಗಿಸಿ ಅದನ್ನು ಮಂಚದ ಮೇಲೆ ಎಸೆದಳು. ಅವಳ ವಯಸ್ಸಿನವರಿಗೆಂದೇ ಬರೆದ ಕಾದಂಬರಿಯಂತೆ. "ಚೆನ್ನಾಗಿತ್ತು ಅಜ್ಜಿ, ಕೊನೇಲಿ ಹಾಳು ಮಾಡಿಬಿಟ್ರು," ಎಂದಳು.

"ಯಾಕೆ, ಎಲ್ಲಾರೂ ಸತ್ತೋದ್ರಾ?" ಎಂದ ಅವಳ ತಮ್ಮ.

"ಸತ್ತಿದ್ರೂ ಪರವಾಗಿರ್ಲಿಲ್ಲ ಕಣೋ, ಎಲ್ಲಾರೂ ಒಳ್ಳೆಯವರಾಗಿಬಿಟ್ರು."

ಆಮೇಲೆ ಅವಳು ನನ್ನ ಕಡೆ ತಿರುಗಿ, "ನೀನು ಇಷ್ಟೊಂದು ಓದ್ತೀಯಲ್ಲ, ನಮ್ಮಂಥವರಿಗೆ ಕಥೆ ಹೆಂಗಿರಬೇಕು ಹೇಳು," ಎಂದು ಕೇಳಿದಳು. ಸೊಸೆ, ಮಗ, ಪಕ್ಕದ ಮನೆಯವರು ಎಲ್ಲ ಕೂತಿದ್ದರು. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ನನಗೆ ಇಂದಿಗೂ ಆಗದು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಎದ್ದು ಬಂದೆ. ಹಾಲೇನೂ ಇಟ್ಟಿರಲಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ತಾತ ಇದ್ದಿದ್ದರೆ, "ಇವಳಿಗೆ ಬಾಯಿ ಕೈಯಾಗೆ ಐತೆ," ಎಂದು ನಗುತ್ತಿದ್ದರು.

ನಮ್ಮೂರು ಶ್ರೀರಾಂಪುರದ ಹತ್ತಿರ. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ನಾನು ಅವ್ವನ ಕಂಕುಳಲ್ಲಿದ್ದೆನಂತೆ. ನಾನು ಹೇಳಹೊರಟಿದ್ದು ನಡೆದಾಗ ನನಗೆ ಹದಿನೈದು ತುಂಬಿತ್ತು. ನಮ್ಮದು ಕುರಿ ಸಾಕುವ ಮನೆತನ. ಚಿಕ್ಕಪ್ಪ ಮಂದೆ ಹೊಡೆದುಕೊಂಡು ಹಿರಿಯೂರಿನ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ಕಂಬಳಿ ನೇಯುತ್ತಿದ್ದ. ಉಣ್ಣೆ ಹಿಂಜುವುದು, ನೂಲುವುದು ಹೆಂಗಸರ ಕೆಲಸ. ಮಧ್ಯಾಹ್ನ ಉಂಡ ಮೇಲೆ ಓಣಿಯ ಹೆಂಗಸರು ತಮ್ಮ ತಮ್ಮ ರಾಟೆ ಹೊತ್ತುಕೊಂಡು ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದರು.

ಅವರಲ್ಲಿ ಓದು ಬರುವವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ನನ್ನ ಸೋದರತ್ತೆಯ ಮಗಳು. ಅವಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಅವಳ ಅಪ್ಪ ಸತ್ತ ಮೇಲೆ ಅತ್ತೆ ಅವಳನ್ನು ಕರೆದುಕೊಂಡು ನಮ್ಮ ಮನೆಗೇ ಬಂದಿದ್ದಳು. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತವರು. ಲೆಕ್ಕದಲ್ಲಿ ಅವಳು ಮುಂದು, ಗಟ್ಟಿಯಾಗಿ ಓದುವುದರಲ್ಲಿ ನಾನು ಮುಂದು. ಆಶ್ಚರ್ಯವೆಂದರೆ ಮಾತಾಡಲು ನಾಚುವ ನನಗೆ ಪುಸ್ತಕ ಮುಖಕ್ಕೆ ಅಡ್ಡ ಹಿಡಿದರೆ ನಾಚಿಕೆ ಇರುತ್ತಿರಲಿಲ್ಲ.

ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವಂತೆ ಇಲ್ಲೂ ಮುಯ್ಯಿ ಇತ್ತು. ನಾನು ಓದಬೇಕು, ನನ್ನ ಪಾಲಿನ ಉಣ್ಣೆಯನ್ನು ಅವರು ಹಂಚಿಕೊಂಡು ನೂಲಬೇಕು. ಹೀಗಾಗಿ ಕಥೆ ಚೆನ್ನಾಗಿಲ್ಲದಿದ್ದರೆ ಬಾಯಿ ಮಾಡುವ ಹಕ್ಕು ಅವರಿಗಿತ್ತು. ಎದುರು ಮನೆಯ ದೊಡ್ಡಮ್ಮ ಒಬ್ಬಳಿದ್ದಳು, ಅವಳ ನಾಲಿಗೆಗೆ ಊರೇ ಹೆದರುತ್ತಿತ್ತು. ಬರೆದವರು ಎರಡು ಪುಟ ಸೂರ್ಯೋದಯವನ್ನೇ ಬಣ್ಣಿಸಿದರೆ, "ಹೊತ್ತು ಹುಟ್ಟಿತಾ ಇಲ್ವಾ ಅಷ್ಟು ಹೇಳು ಮಾರಾಯ್ತಿ, ನಾವೂ ದಿನಾ ನೋಡ್ತೀವಿ," ಎನ್ನುವಳು. ಪುಸ್ತಕ ಬುದ್ಧಿ ಹೇಳಲು ಶುರು ಮಾಡಿದರೆ, "ಇದಕ್ಕೆ ನಮ್ಮತ್ತೆ ಸಾಲ್ದಾಗಿತ್ತಾ?" ಎನ್ನುವಳು. ಆದರೂ ರುಚಿ ಹತ್ತದಿದ್ದರೆ ನನ್ನ ಉಣ್ಣೆ ಬುಟ್ಟಿಯನ್ನು ನನ್ನ ಕಡೆಗೇ ತಳ್ಳಿಬಿಡುವಳು. "ಇವತ್ತಿನ ಕಥೆ ಒಂದು ಹಿಡಿ ಉಣ್ಣೆಗೂ ಬಾಳಲ್ಲ ಕಣೆ. ತಗಾ, ನೀನೇ ನೂತ್ಕ."

ಅವರು ಹಾಕಿದ್ದ ಇನ್ನೊಂದು ಕಟ್ಟಳೆ: ನಾನು ಮುಂಚಿತವಾಗಿ ಮುಂದಿನದನ್ನು ಓದಿಕೊಂಡು ಬರಬಾರದು. ಓದಿ ಬಂದರೆ ನನ್ನ ದನಿಯಲ್ಲೇ ಅವರಿಗೆ ಗೊತ್ತಾಗಿಬಿಡುತ್ತಿತ್ತು. "ಇವಳು ಆಗಲೇ ಉಂಡು ಕೈ ತೊಳಕೊಂಡು ಬಂದವಳೆ," ಎಂದು ರಾಟೆ ನಿಲ್ಲಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ಪುಸ್ತಕ ಬಂತು. ಅವ್ವನ ತಮ್ಮ ಚಿಕ್ಕಜಾಜೂರಿನಲ್ಲಿ ರೈಲ್ವೆ ಗ್ಯಾಂಗಿನ ಕೆಲಸಕ್ಕಿದ್ದ. ಯಾರೋ ಗಾಡಿಯಲ್ಲಿ ಬಿಟ್ಟುಹೋದ ಪುಸ್ತಕವನ್ನು ನನಗೆಂದು ತಂದುಕೊಟ್ಟ. ಮೇಲಿನ ರಟ್ಟು ಹರಿದುಹೋಗಿತ್ತು, ಪುಸ್ತಕದ ಹೆಸರೇನೋ, ಬರೆದವರು ಯಾರೋ ಗೊತ್ತಿಲ್ಲ. ಅದರಲ್ಲಿ ನಮ್ಮ ವಯಸ್ಸಿನದೇ ಒಬ್ಬ ಹುಡುಗಿ. ಅವಳು ಸುಳ್ಳು ಹೇಳುತ್ತಿದ್ದಳು, ತಮ್ಮನಿಗೆ ಹೊಡೆಯುತ್ತಿದ್ದಳು, ಕನ್ನಡಿ ನೋಡಿ ತನ್ನ ಮೂಗಿಗೆ ತಾನೇ ಬೈದುಕೊಳ್ಳುತ್ತಿದ್ದಳು. ಅದುವರೆಗೆ ನಾನು ಓದಿದ ಪುಸ್ತಕಗಳಲ್ಲಿ ಹುಡುಗಿಯರು ಗೊಂಬೆಯ ಹಾಗೆ ತಲೆ ತಗ್ಗಿಸಿ ನಿಂತಿರುತ್ತಿದ್ದರು. ಅತ್ತೆ ಮಗಳು ಮೊದಲ ದಿನವೇ ಕಣ್ಣರಳಿಸಿ, "ಲೇ, ಇವಳು ನಮ್ಮಂಗೇ ಬೈಸ್ಕಂತಾಳಲ್ಲೇ!" ಎಂದಳು. ದೊಡ್ಡಮ್ಮನೂ ಒಂದೂ ಕೊಂಕಾಡದೆ ನನ್ನ ಉಣ್ಣೆಯನ್ನೆಲ್ಲ ತಾನೇ ನೂತುಕೊಟ್ಟಳು.

ಆಗ ನಾವೆಲ್ಲ ನೂಲುತ್ತಿದ್ದದ್ದು ಒಂದು ಮದುವೆ ಕಂಬಳಿಗೆ. ನಮ್ಮಲ್ಲಿ ಗಂಡು ಹೆಣ್ಣನ್ನು ಹೊಸ ಕರಿ ಕಂಬಳಿಯ ಹಸೆಯ ಮೇಲೆ ಕೂರಿಸುತ್ತಾರೆ. ಮದುವೆ ಅತ್ತೆ ಮಗಳದ್ದು. ಗಂಡು ನನ್ನ ಚಿಕ್ಕಪ್ಪ, ಎಂದರೆ ಅವಳಿಗೆ ಸೋದರಮಾವ. ಚಿಕ್ಕಪ್ಪನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಮಗ ಒಂಟಿಯಾದ, ಮಗಳ ಮಗಳು ಕಣ್ಣೆದುರಿಗೇ ಬೆಳೆದು ನಿಂತಿದ್ದಾಳೆ, ಮನೆಯ ಹೆಣ್ಣು ಮನೆಯಲ್ಲೇ ಉಳಿಯುತ್ತಾಳೆ ಎಂದು ನಮ್ಮ ಅಜ್ಜಿ, ಅಪ್ಪನ ತಾಯಿ, ನಿರ್ಧರಿಸಿಬಿಟ್ಟಿದ್ದಳು. ಚಿಕ್ಕಪ್ಪ ಕೆಟ್ಟವನಾಗಿದ್ದರೆ ಸುಲಭವಿತ್ತು. ಒಬ್ಬರಿಗೂ ಎದುರಾಡದ ಮನುಷ್ಯ. ಅವಳು ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಕುರಿ ಎಣಿಸುವುದನ್ನು ಕಲಿಸಿದವನು. ಅವಳಿಗೆ ಅವನೆಂದರೆ ಅಪ್ಪನಿದ್ದ ಹಾಗೆ. ಅದನ್ನು ಅವಳು ಯಾರ ಹತ್ತಿರ ಹೇಳಬೇಕು? ಶಾಲೆ ಮೇಷ್ಟರು ಅವಳನ್ನು ಸಿರಿಗೆರೆಗೆ ಓದಲು ಕಳಿಸಿ ಎಂದಾಗ ಅಜ್ಜಿ, "ಓದಿ ಬಂದು ಕುರಿಗೆ ಪಾಠ ಹೇಳ್ತಾಳಾ?" ಎಂದು ನಕ್ಕಿದ್ದಳು. ಅತ್ತೆ ತಾಯಿಯ ಮಾತಿಗೆ ಎದುರಾಡುವವಳಲ್ಲ. ತಾಯಿ ಮನೆಯ ಅನ್ನ ಉಣ್ಣುತ್ತಿದ್ದವಳು.

ಹಸೆ ಕಂಬಳಿಯ ಕಡೆಯ ಉಂಡೆಯನ್ನು ಮದುವಣಗಿತ್ತಿಯೇ ನೂಲಬೇಕು ಎನ್ನುವುದು ನಮ್ಮ ಮನೆತನದ ಪದ್ಧತಿ. ಅವಳು ನೂತುಕೊಟ್ಟರೆ ಒಪ್ಪಿಗೆ ಕೊಟ್ಟ ಹಾಗೆ. ಬಾಯಿ ಬಿಟ್ಟು ಅವಳನ್ನು ಯಾರೂ ಏನೂ ಕೇಳುವುದಿಲ್ಲ.

ಬುಟ್ಟಿಯಲ್ಲಿ ಉಣ್ಣೆ ಇಳಿಯುತ್ತಾ ಬಂತು. ಪುಸ್ತಕದಲ್ಲೂ ಹಾಳೆಗಳು ಕಡಿಮೆಯಾಗುತ್ತಾ ಬಂದವು. ಕಥೆಯ ಹುಡುಗಿಗೂ ಒಪ್ಪದ ಕಡೆ ಮದುವೆ ಗೊತ್ತಾಯಿತು. ಅಲ್ಲಿಂದ ಅತ್ತೆ ಮಗಳ ನಗು ನಿಂತಿತು. ಸಮನಾಗಿ ಎಳೆ ತೆಗೆಯುತ್ತಿದ್ದವಳ ನೂಲು ಒಂದು ಕಡೆ ದಪ್ಪ, ಒಂದು ಕಡೆ ಕೂದಲಿನಷ್ಟು ತೆಳು ಆಗುತ್ತಿತ್ತು. ಅಪ್ಪ ಉಂಡೆ ಕೈಯಲ್ಲಿ ಹಿಡಿದು, "ಇದೇನು ಗಂಟಿನ ಮೇಲೆ ಗಂಟು?" ಎಂದು ಗೊಣಗಿದ.

ಒಂದು ದಿನ ಬೆಳಿಗ್ಗೆ ಬಾವಿಯಲ್ಲಿ ನೀರು ಸೇದುತ್ತಿದ್ದೆವು. ಅವಳು ಹಗ್ಗ ಹಿಡಿದು ನಿಂತು, "ಅವಳು ಮುಂದೆ ಏನ್ ಮಾಡ್ತಾಳೆ ಅಂತೀಯ?" ಎಂದು ಕೇಳಿದಳು.

"ನಂಗೇನು ಗೊತ್ತು? ಓದ್ಬಾರ್ದು ಅಂದವ್ರೆ."

"ಅವಳು ಏನ್ ಮಾಡ್ತಾಳೋ ನಾನೂ ಅದನ್ನೇ ಮಾಡಾದು," ಎಂದು ನಕ್ಕಳು.

ನಕ್ಕಳು ನಿಜ. ಆದರೆ ಸೇದಿದ ಕೊಡವನ್ನು ಮೇಲೆತ್ತಲಿಲ್ಲ, ಬಾವಿಯೊಳಕ್ಕೇ ನೋಡುತ್ತಾ ನಿಂತಳು. ನಾನೇ ಹಗ್ಗ ಕಸಿದುಕೊಂಡು ಕೊಡ ಮೇಲೆಳೆದೆ.

ಅವತ್ತು ನಾನು ಕಟ್ಟಳೆ ಮುರಿದೆ. ಕುರಿ ರೊಪ್ಪದ ಬೇಲಿಯ ಹಿಂದೆ ಕೂತು ಉಳಿದದ್ದನ್ನು ಓದಿದೆ. ಮದುವೆಯ ಬೆಳಿಗ್ಗೆ ಆ ಹುಡುಗಿ ಕೆರೆ ಏರಿಯ ಮೇಲೆ ಬಂದು ನಿಲ್ಲುತ್ತಾಳೆ. ಹಾಳೆ ತಿರುಗಿಸಿದರೆ ಅವಳು ಇಲ್ಲ. ಊರವರು ಬರುತ್ತಾರೆ, ಅಪ್ಪ ಎದೆ ಬಡಿದುಕೊಂಡು ಅಳುತ್ತಾನೆ. ಅಲ್ಲಿಂದ ಕೊನೆಯವರೆಗೆ ಬರೆದವರು ಹೆತ್ತವರಿಗೆ ಬೈದು ಬೈದು ಮುಗಿಸುತ್ತಾರೆ.

ಅಷ್ಟು ದಿನ ನಮ್ಮ ಕೈ ಹಿಡಿದು ನಡೆಸಿಕೊಂಡು ಬಂದು, ನೀರಿನ ಅಂಚಿಗೆ ತಂದು ಬಿಟ್ಟು, ನಮ್ಮ ಕಡೆ ಬೆನ್ನು ಹಾಕಿ ದೊಡ್ಡವರ ಜೊತೆ ಜಗಳಕ್ಕೆ ನಿಂತಿದ್ದರು ಆ ಬರಹಗಾರರು. ನಾಳೆ ಮಧ್ಯಾಹ್ನ ನಾನು ಇದನ್ನು ಅವಳ ಮುಂದೆ ಗಟ್ಟಿಯಾಗಿ ಓದಬೇಕು. ಪುಸ್ತಕ ಕಳೆದುಹೋಯಿತು ಎನ್ನಲೇ? ಉಳಿದದ್ದನ್ನು ಅವಳು ತಾನೇ ಊಹಿಸಿಕೊಳ್ಳುತ್ತಾಳೆ. ಹಾಳೆ ಹರಿಯಲೇ? ಹರಿದ ಗುರುತು ಕಾಣುತ್ತದೆ. ಬೇರೆ ಏನನ್ನಾದರೂ ಓದಬೇಕು, ಇಷ್ಟೇ ಹೊಳೆದದ್ದು.

ಮರುದಿನ ಬುಟ್ಟಿಯಲ್ಲಿ ಕಡೆಯ ಉಂಡೆಯಷ್ಟು ಉಣ್ಣೆ ಮಾತ್ರ ಇತ್ತು. ಅಜ್ಜಿ ಅದನ್ನು ಅತ್ತೆ ಮಗಳ ಮುಂದೆ ಇಟ್ಟಳು. ಮಗ್ಗದ ಕಡೆಯಿಂದ ಹುಣಸೆ ಬೀಜದ ಗಂಜಿಯ ವಾಸನೆ ಬರುತ್ತಿತ್ತು. ಅಪ್ಪ ಆಗಲೇ ಹಾಸಿನ, ಎಂದರೆ ಮಗ್ಗದ ಉದ್ದನೆಯ ಎಳೆಗಳಿಗೆ ಗಂಜಿ ಹಚ್ಚುತ್ತಿದ್ದ. ಅತ್ತೆ ಗೋಡೆಗೊರಗಿ ನೂಲುತ್ತಿದ್ದಳು. ನಾನು ಓದಲು ಶುರು ಮಾಡಿದೆ. ಹುಡುಗಿ ಮನೆ ಬಿಟ್ಟಳು, ದಾರಿ ಹಿಡಿದಳು, ಏರಿ ಹತ್ತಿ ನಿಂತಳು. ಒಂದೊಂದೇ ರಾಟೆಯ ಸದ್ದು ನಿಂತಿತು.

ನಾನು ಹಾಳೆ ತಿರುಗಿಸಿ, ಅಕ್ಷರದ ಮೇಲೆ ಕಣ್ಣಿಟ್ಟು, ಅಲ್ಲಿಲ್ಲದ್ದನ್ನು ಓದಿದೆ. ಹುಡುಗಿಯ ಅಪ್ಪ ಓಡಿ ಬಂದ. ಮಗಳ ಕೈ ಹಿಡಿದುಕೊಂಡು ತಪ್ಪಾಯಿತು ಎಂದ. ಮದುವೆಗಂಡು ಬಂದು ಇನ್ನು ನೀನು ನನ್ನ ತಂಗಿ ಎಂದ. ಅವಳನ್ನು ಗಾಡಿಯಲ್ಲಿ ಕೂರಿಸಿ ದೊಡ್ಡ ಶಾಲೆಗೆ ಕಳಿಸಿದರು.

"ಏ ನಿಲ್ಸೇ," ಎಂದಳು ದೊಡ್ಡಮ್ಮ. "ನಿನ್ನೆ ತಂಕ ಕೊಡಲಿ ಹಂಗಿದ್ದ ಅಪ್ಪ ಒಂದೇ ಉಸಿರಿಗೆ ಬೆಣ್ಣೆ ಆದ್ನಾ? ಯಾರಿಗೆ ಹೇಳ್ತೀಯ?"

"ಅಚ್ಚಾಗಿರಾದು ಹಂಗಿದ್ರೆ ಅವಳೇನ್ ಮಾಡ್ತಾಳೆ ಬಿಡಕ್ಕ," ಎಂದಳು ಅತ್ತೆ.

ಅತ್ತೆ ಮಗಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಲ್ಲ ಅದು. ಬಾಯಾರಿದವಳಿಗೆ ಖಾಲಿ ಚೆಂಬು ಕೊಟ್ಟರೆ ಹೇಗೆ ನೋಡುತ್ತಾಳೋ ಹಾಗೆ. "ಅವಳು ನೀರಿಗೆ ಬಿದ್ದಳು, ಅಲ್ವೇನೆ?" ಎಂದಳು ಮೆಲ್ಲಗೆ.

"ಇಲ್ಲ."

"ಹಂಗಾದ್ರೆ ಇರೋದನ್ನ ಓದು."

ಪುಸ್ತಕದಲ್ಲಿದ್ದದ್ದನ್ನು ಓದುವ ಹಾಗಿಲ್ಲ. ನಾನು ಕಟ್ಟಿದ ಸಿಹಿಯನ್ನು ಯಾರೂ ನಂಬಲಿಲ್ಲ. ಏರಿಯ ಮೇಲೆ ನಿಂತವಳು ನಾನೇ ಆಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಬೇರೇನೂ ತೋಚಲಿಲ್ಲ, ಒಂದೇ ತೋಚಿತು.

"ಅವಳಿಗೆ ಹಸಿವಾಗಿತ್ತು," ಎಂದು ಓದಿದೆ. "ಹಿಂದಿನ ದಿನದಿಂದ ಅವಳು ಏನೂ ಉಂಡಿರಲಿಲ್ಲ."

"ಹೂಂ," ಎಂದಳು ದೊಡ್ಡಮ್ಮ. "ಆಗ್ತದೆ."

"ಗಾಳಿ ತಣ್ಣಗಿತ್ತು. ಅವಳು ತಿರುಗಿ ಮನೆ ಕಡೆ ನಡೆದಳು. ಅಪ್ಪ, ಅಜ್ಜಿ, ಎಲ್ಲರೂ ಪಡಸಾಲೆಯಲ್ಲೇ ಕೂತಿದ್ದರು. ಅವಳು ಬಾಗಿಲಲ್ಲಿ ನಿಂತಳು. ನಿಂತು ಬಾಯಿ ಬಿಟ್ಟಳು."

"ಬಾಯಿ ಬಿಟ್ಟು ಏನಂದ್ಲು?" ಎಂದು ಕೇಳಿದವಳು ನಮ್ಮ ಅಜ್ಜಿ.

ಹುಡುಗಿಯೊಬ್ಬಳು ಮನೆಯವರ ಎದುರು ಹಾಗೆ ನಿಂತು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಕೇಳದ ಮಾತನ್ನು ಎಲ್ಲಿಂದ ತರಲಿ? ಹಾಳೆ ನೋಡುತ್ತಾ ಕೂತೆ. ಎಲ್ಲರೂ ಕಾಯುತ್ತಿದ್ದರು. ರೊಪ್ಪದಲ್ಲಿ ಒಂದು ಮರಿ ಕೂಗುತ್ತಿತ್ತು.

"'ನಂಗೆ ಈ ಮದುವೆ ಬ್ಯಾಡ,' ಅಂದ್ಲು," ಎಂದಳು ಅತ್ತೆ ಮಗಳು.

ಅವಳು ಪುಸ್ತಕದ ಕಡೆ ನೋಡುತ್ತಿರಲಿಲ್ಲ, ತನ್ನ ತಾಯಿಯ ಕಡೆ ನೋಡುತ್ತಿದ್ದಳು. ಕೈಯಲ್ಲಿದ್ದ ಉಣ್ಣೆಯನ್ನು ಬುಟ್ಟಿಗೆ ಹಾಕಿ, ರಾಟೆಯನ್ನು ಪಕ್ಕಕ್ಕೆ ಸರಿಸಿದಳು.

ಅಜ್ಜಿ ಅವಳ ಕಡೆ ತಿರುಗಿ, "ಯಾರಂದಿದ್ದು? ಪುಸ್ತಕದ ಹುಡುಗೀನಾ?" ಎಂದಳು.

"ಇಬ್ರೂನೂ ಕಣಜ್ಜಿ."

ಅಜ್ಜಿ ಎದ್ದು ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡಳು. "ಅಕ್ಷರ ಕಲಿಸಿದ್ದಕ್ಕೆ ಆಯ್ತಲ್ಲ ಪೂಜೆ! ಏಳ್ರಿ, ಎಲ್ಲಾ ನಿಮ್ ನಿಮ್ಮನೆಗೆ ಹೋಗ್ರಿ."

ದೊಡ್ಡಮ್ಮ ರಾಟೆ ಎತ್ತಿಕೊಳ್ಳುತ್ತಾ, "ಹೋಗ್ತೀವಿ ಕಣವ್ವ. ಕಥೆ ಮಾತ್ರ ಈಗ ರುಚಿ ಹತ್ತಿತ್ತು," ಎಂದು ಹೋದಳು. ಅತ್ತೆ ತನ್ನ ಎಳೆ ಮುಗಿಸಿ, ತುದಿಗೆ ಗಂಟು ಹಾಕಿ ಒಳಗೆ ಹೋದಳು.

ಅಲ್ಲಿಗೆ ಹಗುರವಾಯಿತು ಎಂದುಕೊಳ್ಳಬೇಡಿ. ಮನೆಯಲ್ಲಿ ಯಾರೂ ಅತ್ತೆ ಮಗಳ ಜೊತೆ ಮಾತಾಡಲಿಲ್ಲ. ಚಿಕ್ಕಪ್ಪನಿಗೆ ಬರುವಂತೆ ಆಗಲೇ ಹೇಳಿಕಳಿಸಿದ್ದರು. ಕಡೆಯ ಉಂಡೆಯನ್ನು ಅಜ್ಜಿ ತಾನೇ ನೂಲುತ್ತೇನೆಂದು ಹಠ ಹಿಡಿದಳು. ಅತ್ತೆ ಮಗಳು ಹೇಳಿದ ಮಾತು ಗೋಡೆಗೆ ಬಿದ್ದ ಹಾಗಿತ್ತು. ಹೇಳಿಯೂ ಆಗದಿದ್ದ ಮೇಲೆ ಅವಳಿಗೆ ಇನ್ನೇನು ಉಳಿಯಿತು ಎಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ನೀರಿಗೆ, ಸೌದೆಗೆ, ಹೊಲಕ್ಕೆ, ಎಲ್ಲಿ ಹೋದರೂ ಹಿಂದೆಯೇ ಹೋದೆ.

"ಯಾಕೆ ಬಾಲದಂಗೆ ಅಂಟ್ಕಂಡಿದೀಯ? ಬಾ, ಇಬ್ರೂ ಒಂದೇ ಕೊಡ ಹೊರಾಣ," ಎಂದು ರೇಗಿದಳು. ಅವಳು ರೇಗಿದರೆ ನನಗೆ ಸಮಾಧಾನ. ಸುಮ್ಮನಿದ್ದರೆ ಭಯ.

ಹೀಗಿರುವಾಗ ಒಂದು ಬೆಳಿಗ್ಗೆ ನಾನು ರೊಪ್ಪ ಗುಡಿಸುತ್ತಿದ್ದೆ. ಅತ್ತೆ ಬೇಲಿಯ ಸಂದಿಯಿಂದ ಒಳಗೆ ಬಂದಳು. ಸೆರಗಿನಡಿಯಿಂದ ಪುಸ್ತಕ ತೆಗೆದಳು. ಅಜ್ಜಿ ಅಡುಗೆಮನೆಯ ಮಡಕೆಗಳ ಹಿಂದೆ ಅಡಗಿಸಿಟ್ಟದ್ದನ್ನು ಹುಡುಕಿ ತಂದಿದ್ದಳು.

"ಕಡೇ ಹಾಳೆ ಓದು."

"ಅವತ್ತೇ ಓದಿದ್ನಲ್ಲ ಅತ್ತೆ."

"ಅದಲ್ಲ. ಇದರಾಗೆ ಇರೋದು. ನನ್ ಮಗಳು ಇರೋದನ್ನ ಓದು ಅಂದ್ಲು, ನೀನು ಓದ್ಲಿಲ್ಲ. ಯಾಕೆ ಓದ್ಲಿಲ್ಲ ಅಂತ ನಂಗೆ ಗೊತ್ತಾಗ್ಬೇಕು."

ಅತ್ತೆಗೆ ಓದು ಬರುತ್ತಿರಲಿಲ್ಲ. ಅವಳು ಬೆರಳಿಟ್ಟು ತೋರಿಸಿದ ಹಾಳೆ ತಲೆಕೆಳಗಾಗಿತ್ತು. ನಾನು ಪುಸ್ತಕ ತಿರುಗಿಸಿಕೊಂಡು ಓದಿದೆ. ಏರಿ. ಊರವರು. ಎದೆ ಬಡಿದುಕೊಳ್ಳುವ ಅಪ್ಪ. ಬೈಗುಳದ ಪುಟಗಳನ್ನೂ ಬಿಡದೆ ಓದಿದೆ. ಅತ್ತೆ ಕುರಿಗಳಿಗೆ ನೀರಿಡುವ ಕಲ್ಲು ಬಾನಿಯ ಅಂಚಿನ ಮೇಲೆ ಕೂತುಬಿಟ್ಟಳು.

ಬಾನಿಯ ನೀರನ್ನೇ ನೋಡುತ್ತಾ ಕೇಳಿದಳು. "ಆ ಹುಡುಗಿ ತಾಯಿ ಏನ್ ಮಾಡ್ತಿದ್ಲು ಆವಾಗ?"

ನಾನು ಮತ್ತೆ ಹಾಳೆಗಳನ್ನು ಹುಡುಕಿದೆ. "ತಾಯಿ ಬಗ್ಗೆ ಏನೂ ಬರ್ದಿಲ್ಲ ಅತ್ತೆ."

"ಏನೂ ಬರ್ದಿಲ್ವಾ?"

"ಇಲ್ಲ."

"ಸರಿ," ಎಂದು ಎದ್ದಳು. ಸೀರೆಗೆ ಹತ್ತಿದ್ದ ಹಿಕ್ಕೆ ಕೊಡವಿಕೊಂಡು ಒಳಗೆ ನಡೆದಳು. ನಾನು ಪೊರಕೆ ಹಿಡಿದು ಅಲ್ಲೇ ನಿಂತೆ. ಒಳಗಿನ ಮಾತು ರೊಪ್ಪದವರೆಗೂ ಕೇಳಿಸಿತು.

"ಅವ್ವಾ, ಆ ಉಣ್ಣೆ ಎತ್ತಿಡು. ಹಸೆ ಕಂಬಳಿ ಬ್ಯಾಡ."

"ಯಾರ ಮನೇಲಿ ನಿಂತು ಮಾತಾಡ್ತಿದೀಯ? ಯಾರ ಅನ್ನ ಉಣ್ತಿದೀಯ?"

"ನಿನ್ ಮಗನ ಮಗ್ಗಕ್ಕೆ ನೂಲು ಕೊಟ್ಟು ಉಣ್ತಿದೀನಿ. ನಂಗಿರಾದು ಒಬ್ಳೇ. ಅವಳ್ನ ಬಲವಂತದಾಗೆ ಕೂರಿಸ್ಬೇಡ."

ಅತ್ತೆಯ ದನಿ ಅಷ್ಟು ಗಟ್ಟಿಯಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಜಗಳ ಅವತ್ತಿಗೆ ಮುಗಿಯಲಿಲ್ಲ. ಚಿಕ್ಕಪ್ಪ ಬಂದ. ಅಜ್ಜಿ ಅಳುತ್ತಾ ಹೇಳಿದ್ದನ್ನೆಲ್ಲ ಜಗಲಿಯ ಮೇಲೆ ಕೂತು ಕೇಳಿದ. ಕಾಲು ತೊಳೆದ, ಉಂಡ, ಮಾರನೆಯ ಬೆಳಿಗ್ಗೆ ಮತ್ತೆ ಮಂದೆಗೆ ಹೊರಟುಹೋದ. ಮದುವೆ ನಿಂತಿತು. ಆಮೇಲೆ ಬಹಳ ಕಾಲ ಅವಳಿದ್ದ ಕಡೆ ಅವನು ಕೂರುತ್ತಿರಲಿಲ್ಲ. ಅವನಿಗೆ ಅವಮಾನವಾಗಿತ್ತೋ ಸಮಾಧಾನವಾಗಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಅಜ್ಜಿ ಮುಂದಿನ ಮಳೆಗಾಲದವರೆಗೆ ಅತ್ತೆಯ ಜೊತೆ ಮಾತು ಬಿಟ್ಟಳು. ಮಗ್ಗಕ್ಕೆ ಹಾಕಿದ್ದ ಹಾಸಿನಲ್ಲಿ ಅಪ್ಪ ಯಾರಿಗೋ ಮಾರುವ ಕಂಬಳಿ ನೇಯ್ದ. ಅತ್ತೆ ಮಗಳು ಸಿರಿಗೆರೆಗೂ ಹೋಗಲಿಲ್ಲ, ಅಷ್ಟೊಂದು ಗೆಲುವು ಅವಳಿಗೆ ಸಿಗಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಹೊಳಲ್ಕೆರೆಯ ಕಡೆಯಿಂದ ಒಂದು ಗಂಡು ಬಂದಾಗ ಅತ್ತೆಯೇ ತನ್ನ ಮಗಳನ್ನು ಪಕ್ಕಕ್ಕೆ ಕರೆದು, "ನಿಂಗೆ ಒಪ್ಪಿಗೆ ಐತಾ?" ಎಂದು ಕೇಳಿದಳು. ಅವಳು ಐತೆ ಎಂದಳು. ಆಗ ಕಡೆಯ ಉಂಡೆಯನ್ನು ಅವಳೇ ನೂತಳು.

ಕೂಸೇ, ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಬೇರೆ ಉತ್ತರವಿಲ್ಲ. ಆ ಪುಸ್ತಕದ ಕೊನೆಯನ್ನು ಹೆತ್ತವರನ್ನು ಹೆದರಿಸಲು ಬರೆದಿದ್ದರು. ಅತ್ತೆಯ ಮಟ್ಟಿಗೆ ಅದು ನಾಟಿತು. ಆದರೆ ಆ ಕಥೆಯನ್ನು ಎದೆಗೆ ಹಚ್ಚಿಕೊಂಡು ಕೇಳುತ್ತಿದ್ದವಳು ಹದಿನಾರರ ಹುಡುಗಿ. ಅವಳಿಗೆಂದು ಅದರ ಕೊನೆಯಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಹೆಣೆದ ಮೊದಲ ಕೊನೆಯಲ್ಲೂ ಇರಲಿಲ್ಲ. ಹರೆಯದವರಿಗೆ ಬರೆಯುವವರು ಏರಿಯ ಮೇಲಿಂದ ಕೆಳಗಿಳಿಯುವ ದಾರಿಯನ್ನು ಬರೆಯಬೇಕು. ಆ ದಾರಿ ಕಷ್ಟದ್ದಾದರೂ ಅವರು ನಂಬುತ್ತಾರೆ. ಗಾಡಿ ತಂದು ಕೂರಿಸಿದರೆ ನಂಬುವುದಿಲ್ಲ.

ಅತ್ತೆ ಮಗಳು ನನ್ನನ್ನು ಆ ಕೊನೆಯ ಬಗ್ಗೆ ಒಂದೇ ಸಲ ಕೇಳಿದಳು. ಆಗ ಅವಳ ಮಗಳಿಗೇ ಹದಿನಾರು. ನಾನು ಹೊಳಲ್ಕೆರೆಗೆ ಹೋಗಿದ್ದೆ, ಇಬ್ಬರೂ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು.

"ನಿಜವಾಗಿ ಏನಿತ್ತೇ ಅದರಾಗೆ?"

ಹೇಳಿದೆ. ಅವಳು ಅಚ್ಚರಿಪಡಲಿಲ್ಲ.

"ಥೂ, ಅವರಿಗೆ ಬರೆಯಾಕೆ ಬರಲ್ಲ ಬಿಡು," ಎಂದಳು. ಸ್ವಲ್ಪ ಹೊತ್ತು ಕಾಯಿ ಬಿಡಿಸಿದಳು. ಆಮೇಲೆ, "ಹಸಿವಾಗಿತ್ತು ಅಂತ ನೀನು ಸೇರಿಸ್ದೆಯಲ್ಲ, ಅದು ಚೆನ್ನಾಗಿತ್ತು. ನಂಗೂ ಅವತ್ತು ಹಸಿವಾಗಿತ್ತು ಕಣೆ. ಬೆಳಿಗ್ಗೆಯಿಂದ ಏನೂ ಉಂಡಿರ್ಲಿಲ್ಲ," ಎಂದಳು.